ಬಿಳಿ ಫ್ರಾಕಿನ ಐದನೆಯ ಗುಂಡಿ

ಲಾತಾಯಿ ಮೂರನೆಯ ಗುಂಡಿಯನ್ನು ಹಲ್ಲಲ್ಲಿ ಕಚ್ಚಿ ಎಳೆದಳು. ಬರಲಿಲ್ಲ. ನಾಲ್ಕನೆಯದೂ ಬರಲಿಲ್ಲ, ಐದನೆಯದೂ ಬರಲಿಲ್ಲ. ಒಂದಾದರೂ ಕಿತ್ತು ಬಂದಿದ್ದರೆ ತನ್ನ ಅನುಮಾನ ಸುಳ್ಳಲ್ಲ ಎಂಬ ಸಮಾಧಾನವಾದರೂ ಸಿಗುತ್ತಿತ್ತು. ಈಗ ಅದಕ್ಕೂ ಕಲ್ಲು ಬಿತ್ತು.

ಚಾಪೆಯ ಮೇಲೆ ಹರಡಿದ್ದ ಬಿಳಿ ಫ್ರಾಕಿನ ಪಕ್ಕದಲ್ಲಿ ಫೋನಿತ್ತು. ಆಕ್ಲೆಂಡಿನಲ್ಲಿರುವ ಗೆಳತಿ ಬೆಳಿಗ್ಗೆ ಕಳಿಸಿದ ಚಿತ್ರದಲ್ಲಿದ್ದದ್ದು ಇದೇ ಫ್ರಾಕು. ಅದೇ ಲೇಸು, ಎದೆಯ ಮೇಲೆ ಅವೇ ಐದು ಮುತ್ತಿನಂಥ ಗುಂಡಿಗಳು. ಗುಂಡಿಗಳು ಸುಲಭವಾಗಿ ಕಿತ್ತು ಬರುತ್ತವೆ, ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಕೂಡಲೇ ತೊಡಿಸುವುದನ್ನು ನಿಲ್ಲಿಸಿ, ಮಾರಿದ ಫ್ರಾಕುಗಳನ್ನೆಲ್ಲ ವಾಪಸು ಪಡೆಯುತ್ತಿದ್ದೇವೆ ಎಂದು ಅಂಗಡಿಯವರು ಕೆಳಗೆ ಬರೆದಿದ್ದರು. ಲಾತಾಯಿ ಫ್ರಾಕಿನ ಕತ್ತನ್ನು ಮತ್ತೊಮ್ಮೆ ಮಗುಚಿ ನೋಡಿದಳು. ಕಂಪನಿಯ ಚೀಟಿ ಇರಬೇಕಾದಲ್ಲಿ ಯಾರೋ ಕತ್ತರಿ ಆಡಿಸಿದ ಗುರುತಿತ್ತು.

ಯಾರೋ ಏನು ಬಂತು, ಗಂಡನ ಅಕ್ಕ ಕಲೋಲೈನಳೇ. ಆಕ್ಲೆಂಡಿನಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕು ಗುಡಿಸಿ ಒರೆಸುವ ಅವಳು ಫಾಕಾ ಮೇ ಹಬ್ಬಕ್ಕೆಂದು ಎರಡು ಡ್ರಮ್ಮು ಸಾಮಾನಿನೊಂದಿಗೆ ಟೊಂಗಾಕ್ಕೆ ಬಂದಿಳಿದಿದ್ದಳು. ಊರಿನ ಮಕ್ಕಳೆಲ್ಲ ಹೊಸ ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ಬೈಬಲ್ ವಾಕ್ಯ ಒಪ್ಪಿಸುವ ಆ ಭಾನುವಾರ ನಾಳೆಯೇ ಇತ್ತು. ಹತ್ತು ತಿಂಗಳ ಫುಸಿಗೆ ಹೆಸರಿಟ್ಟವಳು ಕಲೋಲೈನ, ಬಟ್ಟೆ ತಂದವಳು ಕಲೋಲೈನ, ನಾಳೆ ಎತ್ತಿಕೊಂಡು ಪೀಠದ ಮುಂದೆ ಹೋಗುವವಳೂ ಅವಳೇ. ಸೋದರತ್ತೆಯೆಂದರೆ ಫಾಹು, ತಮ್ಮನ ಮನೆಯಲ್ಲಿ ಅವಳು ಕೊಟ್ಟದ್ದನ್ನು ಬೇಡ ಎನ್ನುವ ಬಾಯಿ ಇನ್ನೂ ಹುಟ್ಟಿಲ್ಲ.

"ನಿಮ್ಮಕ್ಕನ್ನ ಒಂದ್ಮಾತು ಕೇಳಿ," ಎಂದು ಮಧ್ಯಾಹ್ನವೇ ಗಂಡ ಸೆಮಿಸಿಗೆ ಹೇಳಿದ್ದಳು. ಅವನು ಹಬ್ಬದಡುಗೆಯ ನೆಲದೊಲೆಯ ಹಳ್ಳದಲ್ಲಿ ಕಲ್ಲು ಜೋಡಿಸುತ್ತಿದ್ದ.

"ನಾನಾ? ಅಕ್ಕ ಕೂತಿರೋ ಕೋಣೆಗೇ ನಾನು ಕಾಲಿಡೋ ಹಾಗಿಲ್ಲ, ಇನ್ನು ಅವಳ ಹತ್ರ ವಿಚಾರಣೆ ಮಾಡ್ತೀನಾ? ಹುಟ್ಟಿದಾಗ ಅತ್ತಿದ್ದೇ ಕೊನೆ, ಅವಳ ಮುಂದೆ ಆಮೇಲೆ ನಾನು ದನಿ ಎತ್ತೇ ಇಲ್ಲ."

"ತಮಾಷೆ ಬೇಡ. ನಿಮ್ಮ ಮಗಳು ಇರುವೆ ಸಿಕ್ಕಿದ್ರೂ ಬಾಯಿಗೆ ಹಾಕ್ಕೋತಾಳೆ. ವಾಪಸ್ ಬಂದ ಮಾಲನ್ನ ಬಿಟ್ಟಿ ಎತ್ಕೊಂಡು ಬಂದಿದಾರೆ ಇವರು. ಅದಕ್ಕೇ ಚೀಟಿ ಕತ್ತರಿಸಿರೋದು."

"ನೋಡಿದೀಯಾ ನೀನು?"

ನೋಡಿರಲಿಲ್ಲ. ಆದರೆ ಅನುಮಾನಕ್ಕೆ ಕಣ್ಣು ಯಾಕೆ ಬೇಕು? ಡ್ರಮ್ಮು ಬಿಚ್ಚುವಾಗ ಅತ್ತಿಗೆ ಈ ಫ್ರಾಕನ್ನು ಮಾತ್ರ ಸರಕ್ಕನೆ ಪಕ್ಕಕ್ಕೆ ಎತ್ತಿಟ್ಟದ್ದು ನೆನಪಾಯಿತು. ಮಗುವಿಗೆ ಅಳತೆ ನೋಡೋಣ ಎಂದಾಗ "ಭಾನುವಾರವೇ ಹಾಕೋಣ ಬಿಡು" ಎಂದದ್ದೂ ನೆನಪಾಯಿತು. ಒಂದಕ್ಕೊಂದು ಗಂಟು ಬೀಳುತ್ತ ಹೋಯಿತು.

ಈಗ ಅವಳು ಫ್ರಾಕನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗುಂಡಿಗಳ ಬುಡದಲ್ಲಿದ್ದ ದಾರ ಮಾಮೂಲಿ ದಾರದ ಹಾಗಿರಲಿಲ್ಲ. ಚಪ್ಪಟೆಯಾಗಿ, ಮೇಣ ಸವರಿದಂತೆ ಜಾರುತ್ತಿತ್ತು. ಮೂಸಿದರೆ ಪೆಪ್ಪರ್‌ಮಿಂಟಿನಂಥ ಏನೋ ವಾಸನೆ. ಕಾರ್ಖಾನೆಯವರ ಅಂಟಿರಬೇಕು ಎಂದುಕೊಂಡಳು. ಒಣಗಿದ್ದಾಗ ಗಟ್ಟಿಯಾಗಿದ್ದು, ಮಗುವಿನ ಜೊಲ್ಲಿಗೆ ನೆನೆದರೆ ಜಾರಿಕೊಳ್ಳುವಂಥದು. ಐದನ್ನೂ ಕತ್ತರಿಸಿ ತನ್ನ ಕೈಯಾರೆ ಹೊಲಿದುಬಿಟ್ಟರೆ ಫಾಹುವಿಗೆ ಅವಮಾನವೂ ಆಗುವುದಿಲ್ಲ, ಮಗುವೂ ಉಳಿಯುತ್ತದೆ. ಕೆಳಗಿನ ಗುಂಡಿಯ ದಾರಕ್ಕೆ ಕತ್ತರಿ ಹಾಕಿದಳು. ಆ ದಾರವೋ ಸುಲಭಕ್ಕೆ ಬಗ್ಗಲಿಲ್ಲ. ಗರಗಸದಂತೆ ಉಜ್ಜಿ ಉಜ್ಜಿ ಕತ್ತರಿಸಬೇಕಾಯಿತು.

ಗುಂಡಿ ಕೈಗೆ ಬರುವುದಕ್ಕೂ ಅಂಗಳದಲ್ಲಿ ಕಲೋಲೈನಳ ನಗು ಕೇಳುವುದಕ್ಕೂ ಸರಿಹೋಯಿತು. ಲಾತಾಯಿ ಗಡಿಬಿಡಿಯಲ್ಲಿ ಸೂಜಿಯಲ್ಲಿದ್ದ ಗಿಡ್ಡ ನೂಲಿನಲ್ಲೇ ಎರಡು ಸುತ್ತು ಹಾಕಿ, ಗಂಟಿನಂಥದೊಂದು ಗಂಟು ಬಿಗಿದು, ಫ್ರಾಕನ್ನು ಮಡಚಿಟ್ಟಳು.

"ಏನಮ್ಮಾ, ಬೆವೆತು ನೀರಾಗಿದ್ದೀಯ?" ಕಲೋಲೈನ ಬಾಗಿಲು ತುಂಬ ನಿಂತಿದ್ದಳು.

"ಸೆಕೆ, ಅತ್ತಿಗೆ."

ಸಂಜೆ ಕೂಡಿಬಂದರೆ ಉಳಿದದ್ದನ್ನು ಮುಗಿಸೋಣವೆಂದುಕೊಂಡಿದ್ದಳು. ಆದರೆ ಅತ್ತಿಗೆ ಫ್ರಾಕನ್ನು ತನ್ನ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದಳು.

ಭಾನುವಾರ ಬೆಳಿಗ್ಗೆ ಕಲೋಲೈನಳೇ ಮಗುವಿಗೆ ಎಣ್ಣೆ ಹಚ್ಚಿ, ಫ್ರಾಕು ತೊಡಿಸಿದಳು. ಕೆಳಗಿನ ಗುಂಡಿ ಆಗಲೇ ಒಂದು ಕಡೆಗೆ ವಾಲಿತ್ತು. ಸೂಜಿ ಮುಟ್ಟುವಂತಿಲ್ಲ, ಭಾನುವಾರ ಹೊಲಿಗೆ ಹಾಕಿದಳೆಂದರೆ ಊರೇ ಬಾಯಿಗೆ ಬಂದಂತೆ ಆಡಿಕೊಳ್ಳುತ್ತದೆ.

"ಅತ್ತಿಗೆ, ಕೆಳಗಿನ ಗುಂಡಿ ಕಿತ್ತು ತೆಗೆದುಬಿಡೋಣ್ವಾ? ಸಡಿಲ ಇದ್ದ ಹಾಗಿದೆ."

"ಯಾವುದೂ ಸಡಿಲ ಇಲ್ಲ. ನಾನೇ ಒಂದೊಂದನ್ನೂ ಹಲ್ಲಲ್ಲಿ ಎಳೆದು ನೋಡಿದೀನಿ. ಗುಂಡಿ ಕಿತ್ತ ಫ್ರಾಕಲ್ಲಿ ನನ್ನ ಕೂಸನ್ನ ದೇವರ ಮುಂದೆ ಹೊತ್ಕೊಂಡು ಹೋಗ್ಲಾ?"

ಹಲ್ಲಲ್ಲಿ ಎಳೆದು ನೋಡಿದ್ದಳಂತೆ! ಹಾಗಾದರೆ ಇವಳಿಗೆ ಎಲ್ಲ ಗೊತ್ತಿತ್ತು. ಲಾತಾಯಿಯ ಎದೆ ಕೋಪದಿಂದ ಉರಿಯಿತು. ಆ ಒಂದು ಗುಂಡಿ ನಾನೇ ಕತ್ತರಿಸಿದ್ದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಆ ಕೋಪದಲ್ಲೇ ಹೂತುಹೋಯಿತು. ಚರ್ಚಿನ ಗಂಟೆ ಹೊಡೆಯಿತು.

ಪಕ್ಕದ ಮನೆಯ ಹುಡುಗಿ ವಾಕ್ಯ ಒಪ್ಪಿಸುತ್ತ ನಡುವೆ ಮರೆತು ನಿಂತಿದ್ದಳು. ಅವಳ ಅಮ್ಮ ಬೆಂಚಿನಿಂದಲೇ ತುಟಿಯಾಡಿಸಿ ನೆನಪಿಸುತ್ತಿದ್ದಳು, ಜನರೆಲ್ಲ ನಗುತ್ತಿದ್ದರು. ಲಾತಾಯಿ ಮಾತ್ರ ನಗಲಿಲ್ಲ. ಮುಂದಿನ ಸಾಲಿನಲ್ಲಿ ಕಲೋಲೈನಳ ತೊಡೆಯ ಮೇಲಿದ್ದ ಫುಸಿಯ ಬೆನ್ನನ್ನೇ ನೋಡುತ್ತಿದ್ದಳು. ಆ ಬೆನ್ನು ಒಮ್ಮೆ ಸೆಟೆಯಿತು. ಕೆಮ್ಮು ಬರಲಿಲ್ಲ, ಅಳುವೂ ಬರಲಿಲ್ಲ. ಪುಟ್ಟ ಕೈಗಳೆರಡೂ ಗಾಳಿಯಲ್ಲಿ ಬಡಿದುಕೊಂಡವು.

ಲಾತಾಯಿ ಕಿರುಚಿ ಬೆಂಚು ದಾಟುವಷ್ಟರಲ್ಲಿ ಕಲೋಲೈನ ಮಗುವನ್ನು ಬೋರಲಾಗಿ ಮುಂಗೈಯ ಮೇಲೆ ಹಾಕಿ, ತಲೆ ಕೆಳಗಾಗಿಸಿ, ಬೆನ್ನಿಗೆ ಅಂಗೈಯಿಂದ ಗುದ್ದುತ್ತಿದ್ದಳು. ಒಂದು. ಎರಡು. "ಉಗುಳೇ, ನನ್ನವ್ವಾ, ಉಗುಳೇ!" ಇನ್ನೊಂದು ಗುದ್ದಿಗೆ ಏನೋ ಚಾಪೆಯ ಮೇಲೆ ಬಿದ್ದು ಉರುಳಿತು. ಫುಸಿ ಚರ್ಚು ಹಾರಿಹೋಗುವಂತೆ ಅತ್ತಳು.

ಹೆಂಗಸರು ಮುತ್ತಿಕೊಂಡರು. ಕಲೋಲೈನ ಗುಂಡಿಯನ್ನು ಎತ್ತಿ ನೋಡಿದಳು. ಅದರ ಕಣ್ಣಿನಲ್ಲಿ ಎರಡೆಳೆ ನೂಲು ಜೋತುಬಿದ್ದಿತ್ತು. ಫ್ರಾಕಿನಲ್ಲಿ ಉಳಿದಿದ್ದ ನಾಲ್ಕು ಗುಂಡಿಗಳನ್ನು ಬೆರಳಿನಿಂದ ಒಂದೊಂದಾಗಿ ಅಲುಗಿಸಿದಳು. ಆಮೇಲೆ ತಲೆಯೆತ್ತಿ ಲಾತಾಯಿಯನ್ನು ನೋಡಿದಳು.

"ಯಾರಪ್ಪಾ ಇದನ್ನ ಹೊಲಿದದ್ದು?" ಎಂದಳು ಪಾದ್ರಿಯ ಹೆಂಡತಿ.

"ನಾನೇ," ಎಂದಳು ಕಲೋಲೈನ. "ವಯಸ್ಸಾಯ್ತು, ಕಣ್ಣು ಕಾಣಲ್ಲ."

ಹಬ್ಬದೂಟ ಮುಗಿದು, ಗಂಡಸರು ಮರದ ನೆರಳಲ್ಲಿ ಗೊರಕೆ ಹೊಡೆಯುವ ಹೊತ್ತಿಗೆ ಅವಳು ನೀರಿನ ತೊಟ್ಟಿಯ ಹಿಂದೆ ಲಾತಾಯಿಯನ್ನು ಹುಡುಕಿಕೊಂಡು ಬಂದಳು. ಫುಸಿ ಅವಳ ಭುಜದ ಮೇಲೆ ನಿದ್ದೆ ಹೋಗಿದ್ದಳು.

"ಚೀಟಿ ಯಾಕೆ ಕತ್ತರಿಸಿದ್ರಿ ಅತ್ತಿಗೆ?" ಲಾತಾಯಿ ನೆಲ ನೋಡುತ್ತಲೇ ಕೇಳಿದಳು. ಅಷ್ಟೆಲ್ಲ ಆದ ಮೇಲೂ ಅದೊಂದು ಮುಳ್ಳು ಉಳಿದಿತ್ತು.

"ಚೀಟಿ ತಂದ್ರೂ ಸಾಕು, ದುಡ್ಡು ವಾಪಸ್ ಕೊಡ್ತೀವಿ ಅಂದ್ರು ಅಂಗಡಿಯವರು. ಚೀಟಿ ಕೊಟ್ಟೆ, ಫ್ರಾಕು ಇಟ್ಕೊಂಡೆ. ಅಷ್ಟು ಚೆಂದದ್ದನ್ನ ಕಸಕ್ಕೆ ಹಾಕೋಕೆ ಮನಸ್ಸು ಬರಲಿಲ್ಲ. ಇವತ್ತು ಬಾಯಿ ಚಪ್ಪರಿಸಿದ್ಯಲ್ಲ ಡಬ್ಬಿ ಮಾಂಸ, ಅದು ಆ ದುಡ್ಡಿಂದೇ." ಕಲೋಲೈನಳ ದನಿಯಲ್ಲಿ ನಾಚಿಕೆಯೇನೂ ಇರಲಿಲ್ಲ. "ಗುಂಡಿ ಐದನ್ನೂ ಕಿತ್ತು ನಾನೇ ಹೊಲಿದಿದ್ದೆ. ಗಟ್ಟಿ ದಾರದಲ್ಲಿ."

"ನಾನು... ಅದು ಏನೋ ಅಂಟು ಅಂತ..."

"ಅನುಮಾನ ಬಂದ್ರೆ ನನ್ನ ಮುಖಕ್ಕೇ ಕೇಳ್ಬೇಕಿತ್ತು, ಹುಡುಗಿ. ನಾನು ಬೈತಿದ್ದೆ, ಅಷ್ಟೇ ತಾನೆ."

ಅವಳು ಖಾಲಿಯಿದ್ದ ಕೈಯನ್ನು ಜೇಬಿಗೆ ಹಾಕಿ, ಹೆಬ್ಬೆರಳಿನಷ್ಟು ಚಿಕ್ಕ ಬಿಳಿ ಡಬ್ಬಿಯನ್ನೂ ಗುಂಡಿಯನ್ನೂ ತೆಗೆದು ಲಾತಾಯಿಯ ಅಂಗೈಯಲ್ಲಿಟ್ಟಳು. ಹಲ್ಲಿನ ಸಂದಿ ತಿಕ್ಕುವ ದಾರದ ಡಬ್ಬಿ. "ಇವತ್ತು ಬೇಡ. ನಾಳೆ ಹೊಲಿ," ಎಂದು ಮಗುವಿನೊಂದಿಗೆ ಒಳಗೆ ಹೋದಳು.

ಲಾತಾಯಿ ಮುಚ್ಚಳ ತೆರೆದಳು. ಪೆಪ್ಪರ್‌ಮಿಂಟಿನ ವಾಸನೆ ಮೂಗಿಗೆ ಬಡಿಯಿತು. ಗೇಣುದ್ದ ದಾರ ಎಳೆದು, ತುದಿಯನ್ನು ಬೆರಳಿಗೆ ಸುತ್ತಿ, ಹಲ್ಲಲ್ಲಿ ಕಚ್ಚಿ, ಬೆರಳು ಬಿಳುಚಿಕೊಳ್ಳುವವರೆಗೂ ಎಳೆದಳು. ಅದು ಹರಿಯಲಿಲ್ಲ.