ಕಸ್ತೂರಮ್ಮನ ಕೈಗುಣ

ನಮ್ಮತ್ತೆ ಕಸ್ತೂರಮ್ಮನ ಕೈಗುಣಕ್ಕೆ ಹರಿಹರದಲ್ಲಿ ದೊಡ್ಡ ಹೆಸರು. ಯಾರಿಗೇ ಗಾಯವಾಗಲಿ, ಆಂಟಿಬಯಾಟಿಕ್ ಕ್ಯಾಪ್ಸೂಲ್ ಬಿಚ್ಚಿ ಅದರ ಮೇಲೆ ಪುಡಿ ಉದುರಿಸುವರು. ಮಿಕ್ಕ ಮಾತ್ರೆ ನೆಗಡಿಯವರ ಬಾಯಿಗೆ. ಸೊಸೆ ನಾನು ಬಾಯಿಬಿಟ್ಟರೆ, "ಡಿಗ್ರಿ ಓದಿದಾಕಿ, ಮೊದ್ಲು ಸಾರಿಗೆ ಉಪ್ಪು ಹಾಕದು ಕಲಿ" ಎನ್ನುವರು.

ಮಾವ ತೋಟಪ್ಪನವರಿಗೆ ಹೊಸ ಚಪ್ಪಲಿ ಕಚ್ಚಿದಾಗಲೂ ಅದೇ ಪುಡಿ. ಸಕ್ಕರೆ ಕಾಯಿಲೆಯ ಕಾಲು ಕೇಳೀತೇ? ಕೊಳೆಯತೊಡಗಿತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಕೀವು ಪರೀಕ್ಷೆ ಮಾಡಿಸಿದ ಡಾಕ್ಟರ್ ರೇವಂತ್ ತಲೆ ಕೆರೆದುಕೊಂಡರು.

"ಈ ಕ್ರಿಮಿ ಎಲ್ಲಾ ಔಷಧಿನೂ ಅರಗಿಸ್ಕೊಂಡೈತೆ ಅಮ್ಮ. ಆ ವಿದ್ಯೆ ಅದರ ಜೀನಿನಾಗೇ ಐತೆ. ಪಕ್ಕದ ಮನಿಗೆ ಹೆಪ್ಪು ಕೊಟ್ಟಂಗೆ ಬೇರೆ ಕ್ರಿಮಿಗೂ ಕೊಡ್ತೈತೆ. ಉಳಿದಿರದು ಒಂದೇ ಇಂಜೆಕ್ಷನ್. ಅದಕ್ಕೂ ಬಗ್ಗದಿದ್ರೆ ಪಾದ ತೆಗೀಬೇಕು. ಗಾಯ ಮುಟ್ಟಬ್ಯಾಡ್ರಿ, ಮುಟ್ಟಿದ್ರೆ ಸೋಪು ಹಚ್ಚಿ ಕೈ ತೊಳೀರಿ."

"ಕೈ ಹಿಡಿದ ಗಂಡನ್ನ ಮುಟ್ಟಿ ಕೈ ತೊಳೀಬೇಕಾ?" ಅತ್ತೆ ಕೆಂಡವಾದರು.

ದಿನಾ ಬೆಳಿಗ್ಗೆ ಮಾವನ ಬ್ಯಾಂಡೇಜು ಬಿಚ್ಚಿ ನೋಡಿ, ಅದೇ ಕೈಯಲ್ಲಿ ವಾರ್ಡಿಗೆಲ್ಲ ವಿಭೂತಿ ಹಂಚುವರು. ಪಕ್ಕದ ಹಾಸಿಗೆಯ ಭರಮಣ್ಣ ಗುತ್ತೂರಿನವನು. ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈ ಜಜ್ಜಿಹೋಗಿತ್ತು. ಅವನ ಮೇಲೆ ಅತ್ತೆಗೆ ವಿಶೇಷ ಅಕ್ಕರೆ. ಹಣೆಗೆ ಹಚ್ಚಿ, ಪಟ್ಟಿ ಸರಿಸಿ ಗಾಯಕ್ಕೂ ಒಂದು ಚಿಟಿಕೆ. ನಾನು ಜಗಳಕ್ಕೇ ನಿಂತೆ. "ಶಿವನ ಪ್ರಸಾದಕ್ಕೆ ಯಾವ ಕ್ರಿಮಿನೇ?" ಎಂದು ನನ್ನ ಬಾಯಿ ಮುಚ್ಚಿಸಿದರು. ನರ್ಸುಗಳು ಬೈದರೆ ಅವರ ಹಣೆಗೂ ಹಚ್ಚಿಬಿಡುವರು.

ಇಂಜೆಕ್ಷನ್ ಹತ್ತಿತು. ಮಾವನ ಪಾದ ಉಳಿಯಿತು. ಅತ್ತೆ ವಾರ್ಡಿಗೆಲ್ಲ ಪೇಡೆ ಹಂಚಿ, ತಮ್ಮ ಕೈಗುಣವನ್ನೇ ಹೊಗಳಿಕೊಂಡರು. ಅಷ್ಟರಲ್ಲಿ ಭರಮಣ್ಣನಿಗೆ ಚಳಿಜ್ವರ ಏರಿತು. ಗಾಯ ವಾಸನೆ ಹೊಡೆಯತೊಡಗಿತು. ಅವನ ಕೀವಿನಲ್ಲೂ ಮಾವನ ಕ್ರಿಮಿಯೇ ಸಿಕ್ಕಿತು. ಜಜ್ಜಿಹೋದ ಕೈಗೆ ಇಂಜೆಕ್ಷನ್ ಈ ಸಲ ಹತ್ತಲಿಲ್ಲ.

"ನಾಳೆ ಕೈ ತೆಗೀತೀವಿ. ಯಾರೋ ಮುಟ್ಟಿ ದಾಟಿಸಿದ್ದು ಇದು" ಎಂದ ಡಾಕ್ಟರ್ ಅತ್ತೆಯತ್ತ ನೋಡಿದರು. ಅತ್ತೆ ವಿಭೂತಿ ಹತ್ತಿದ ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಅವರನ್ನು ಬೈಯಬೇಕೆಂದಿದ್ದ ನನಗೆ ಮೊದಲ ಬಾರಿ ಅಯ್ಯೋ ಅನಿಸಿತು.

ಸ್ವಲ್ಪ ಹೊತ್ತಿಗೆ ಭರಮಣ್ಣನ ಹೆಂಡತಿ ತಿಮ್ಮವ್ವ ಬಂದು ಅತ್ತೆಯ ಕಾಲು ಹಿಡಿದಳು. "ಅವ್ವಾ, ಯಜಮಾನ್ರನ್ನ ಉಳಿಸಿದ ಕೈ ನಿಮ್ದು. ನಮ್ಮೋರಿಗೂ ಒಂದೀಟು ವಿಭೂತಿ ಹಚ್ರಿ."

ಅತ್ತೆ ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ಬ್ಯಾಡ ತಾಯಿ. ಈ ಕೈ ಬ್ಯಾಡ."

ತಿಮ್ಮವ್ವ ಅವರನ್ನೇ ನೋಡಿ ಕಣ್ಣೊರೆಸಿಕೊಂಡಳು.

"ನಿಮ್ಮೋರು ಹುಷಾರಾದ್ರು. ಈಗ ನಾವು ಬ್ಯಾಡಾದ್ವೇನ್ರಿ ಅವ್ವಾ?"