ಇಪ್ಪತ್ತೇಳನೇ ನಂಬರ್ ಸೂಜಿ

ನಮ್ಮ ಬೀದಿಯ ಟೈಲರಿಗೆ ಹಲ್ಲುನೋವು ಬಂದು ಎಂಟು ತಿಂಗಳಾಗಿತ್ತು. ವಿಷಯ ಬೀದಿಗೆಲ್ಲ ಗೊತ್ತಿತ್ತು. ಒಪ್ಪಿಕೊಳ್ಳದವರು ಅವರೊಬ್ಬರೇ.

ನಲವತ್ತು ವರ್ಷ ದಾರವನ್ನು ಹಲ್ಲಿನಲ್ಲೇ ಕಡಿದು ಹೊಲಿದ ಮನುಷ್ಯ. ಕತ್ತರಿ ಇರುವುದು ಬಟ್ಟೆಗೆ, ಹಲ್ಲು ಇರುವುದು ದಾರಕ್ಕೆ ಎನ್ನುವುದು ಅವರ ಅಂಗಡಿಯ ಕಾನೂನು. ಅಂಥವರು ಒಂದು ದಿನ ಇದ್ದಕ್ಕಿದ್ದಂತೆ ದಾರಕ್ಕೂ ಕತ್ತರಿ ಎತ್ತಿಕೊಂಡರು. ಎದುರು ಕೂತು ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಹೆಂಡತಿ ಅದನ್ನು ನೋಡಿದರು.

"ಹಲ್ಲು ನೋಯ್ತಿದೆಯಾ?"

"ಇಲ್ವಲ್ಲ. ಕತ್ತರಿ ಹರಿತ ಇದೆಯಾ ಅಂತ ನೋಡಿದೆ ಅಷ್ಟೇ."

"ಮತ್ತೆ ಲವಂಗದ ಡಬ್ಬಿ ಮಿಷನ್ ಡ್ರಾಯರಿಗೆ ಯಾಕೆ ಬಂತು?"

ಟೈಲರ್ ಮಿಷನ್ ಜೋರಾಗಿ ತುಳಿದರು.

ಅವರ ಹಟಕ್ಕೆ ಒಂದು ಕಾರಣವಿತ್ತು. ಪ್ರಾಯದಲ್ಲಿ ಅವರು ಸಂತೆಯಲ್ಲಿ ಯಾರೋ ಒಬ್ಬನ ಹತ್ತಿರ ಹಲ್ಲು ಕೀಳಿಸಿಕೊಂಡಿದ್ದರು. ಮದ್ದಿಲ್ಲ, ಸೂಜಿಯಿಲ್ಲ. ಇಬ್ಬರು ಕೈ ಹಿಡಿದರು, ಇಬ್ಬರು ಕಾಲು ಹಿಡಿದರು, ಅವನು ಇಕ್ಕಳ ಹಾಕಿ ಎಳೆದ. ಈ ಕಥೆಯನ್ನು ಟೈಲರ್ ಮನೆಗೆ ನಾಲ್ಕು ಜನ ಬಂದರೆ ಸಾಕು, ಅಭಿನಯ ಸಮೇತ ಹೇಳುತ್ತಿದ್ದರು. ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದು, ಕಾಲು ಝಾಡಿಸಿ, "ಅಯ್ಯೋ ಬಿಡ್ರೋ!" ಎಂದು ಕೂಗಿ ತೋರಿಸುತ್ತಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಾನೂ ಹತ್ತಾರು ಸಲ ನಕ್ಕಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವರ ಮಗಳ ಮಗಳು, ಏಳು ವರ್ಷದ ಹುಡುಗಿ. ಮನೆಯಲ್ಲಿ ಎಲ್ಲರೂ ಅವಳನ್ನು ಚೂಟಿ ಎನ್ನುತ್ತಾರೆ. ಅವಳಮ್ಮನಿಗೆ ಅಂಚೆ ಕಚೇರಿಯಲ್ಲಿ ಕೆಲಸ. ಹಾಗಾಗಿ ಶಾಲೆ ಬಿಟ್ಟ ಮೇಲೆ ಚೂಟಿ ಇರುವುದು ಅಜ್ಜನ ಅಂಗಡಿಯಲ್ಲೇ. ಗುಂಡಿಗಳನ್ನು ಬಣ್ಣವಾರು ಬೇರೆ ಮಾಡುವುದು ಅವಳ ಕೆಲಸ, ಅಜ್ಜನ ತಲೆ ತಿನ್ನುವುದು ಅವಳ ಹವ್ಯಾಸ.

ಅಂಗಡಿಯ ಮಹಡಿಯ ಮೇಲೆ ಹಲ್ಲಿನ ಆಸ್ಪತ್ರೆಯ ನರ್ಸಮ್ಮನ ಮನೆ. ಒಂದು ಸಂಜೆ ಆಕೆ ತನ್ನ ಬಿಳಿ ಕೋಟು ಹಿಡಿದುಕೊಂಡು ಕೆಳಗೆ ಬಂದರು.

"ಮಾವ, ಇದರ ತೋಳು ಎರಡು ಇಂಚು ಕಮ್ಮಿ ಮಾಡಿಕೊಡಿ. ಅದೇನು, ಎಡಗೆನ್ನೆ ಊದಿದೆಯಲ್ಲ?"

"ವಯಸ್ಸಾಯ್ತಮ್ಮ, ಮೈ ಬರ್ತಿದೆ."

"ಒಂದೇ ಕೆನ್ನೆಗಾ?"

ಹೆಂಡತಿ ಕಿಸಕ್ಕೆಂದು ನಕ್ಕರು. ಟೈಲರಿಗೆ ಬೇರೆ ದಾರಿ ಉಳಿಯಲಿಲ್ಲ. ಹಳೆಯ ಕಥೆ ತೆಗೆದರು. ನರ್ಸಮ್ಮ ಕೊನೆಯವರೆಗೂ ಕೇಳಿದರು.

"ಅದು ಆ ಕಾಲ ಮಾವ. ಈಗ ಮೊದಲು ಅರಿವಳಿಕೆ ಮದ್ದು ಕೊಡ್ತೀವಿ. ನಿಮಗೆ ಎಚ್ಚರ ಇರುತ್ತೆ, ಮಾತು ಕೇಳಿಸುತ್ತೆ. ಆ ಜಾಗ ಒಂದೇ ಮರಗಟ್ಟುತ್ತೆ. ಆಮೇಲೇ ಹಲ್ಲಿಗೆ ಕೈ ಹಾಕೋದು."

"ಮದ್ದು ಹೇಗೆ ಕೊಡ್ತೀರಿ?"

"ಸಣ್ಣ ಸೂಜೀಲಿ."

ಸೂಜಿ ಎಂದ ಕೂಡಲೇ ಟೈಲರ್ ಕಿವಿ ನೆಟ್ಟಗಾಯಿತು. ಅದು ಅವರ ಇಲಾಖೆ.

"ಎಷ್ಟನೇ ನಂಬರು?"

"ಇಪ್ಪತ್ತೇಳು," ಎಂದರು ನರ್ಸಮ್ಮ.

ಟೈಲರ್ ಮುಖ ಬಿಳಿಚಿಕೊಂಡಿತು. ಹೊಲಿಗೆ ಮಿಷನ್ನಿಗೆ ಒಂಬತ್ತನೇ ನಂಬರ್ ಸೂಜಿ ಹಾಕಿ ಅವರು ರೇಷ್ಮೆ ಹೊಲಿಯುತ್ತಾರೆ. ಹದಿನಾಲ್ಕು ಹಾಕಿ ಪ್ಯಾಂಟು ಹೊಲಿಯುತ್ತಾರೆ. ಹದಿನೆಂಟು ಹಾಕಿದರೆ ದಪ್ಪ ಕ್ಯಾನ್ವಾಸ್ ಚೀಲ.

"ಹದಿನೆಂಟರಲ್ಲಿ ನಾನು ಚೀಲ ಹೊಲೀತೀನಿ! ಇಪ್ಪತ್ತೇಳನ್ನ ನನ್ನ ಒಸಡಿಗೆ ಚುಚ್ತೀರಾ? ಕೋಟು ಗುರುವಾರ ಆಗುತ್ತೆ, ಹೋಗಿ ಬನ್ನಿ."

ನರ್ಸಮ್ಮ ಏನೋ ಹೇಳಲು ಬಾಯಿ ತೆರೆದರು. ಟೈಲರ್ ಆಗಲೇ ಮಿಷನ್ ತುಳಿಯುತ್ತಿದ್ದರು. ಆ ಸದ್ದಿನಲ್ಲಿ ಯಾರ ಮಾತು ಕೇಳೀತು?

ಮೂರು ದಿನ ಕಳೆಯಿತು. ಗಿರಾಕಿಯೊಬ್ಬರ ಅಂಗಿಗೆ ನೀಲಿ ಗುಂಡಿ ಬೇಕಾಗಿ ಚೂಟಿಯ ಅಜ್ಜಿ ಗುಂಡಿ ಡಬ್ಬಿಯ ಮುಚ್ಚಳ ತೆಗೆದರು. ಗುಂಡಿಗಳ ಕೆಳಗೆ ಬಿಸ್ಕತ್ತುಗಳಿದ್ದವು. ಒಂದಲ್ಲ, ಎರಡಲ್ಲ, ಹನ್ನೊಂದು. ಎಲ್ಲದರ ಅಂಚಿನಲ್ಲೂ ಒಂದೊಂದು ಸಣ್ಣ ಕಡಿತ.

"ಚೂಟಿ, ಇದೇನೇ?"

ಹುಡುಗಿ ತುಟಿ ಬಿಗಿದು ನಿಂತಳು. ಅಜ್ಜಿ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಬಲಗಡೆ ಮೇಲಿನ ದವಡೆಯ ಹಾಲುಹಲ್ಲು ಕಪ್ಪಾಗಿ ಟೊಳ್ಳಾಗಿತ್ತು. ಪಕ್ಕದ ಒಸಡಿನಲ್ಲಿ ಕೆಂಪು ಗುಳ್ಳೆ.

"ಎಷ್ಟು ದಿನದಿಂದ ನೋಯ್ತಿದೆ ಪುಟ್ಟಾ?"

"ಮೂರು ವಾರ."

"ಹೇಳ್ಬಾರದಿತ್ತಾ ಬಂಗಾರ?"

ಚೂಟಿ ಅಜ್ಜಿಯ ಕಡೆ ನೋಡಲಿಲ್ಲ. ಅಜ್ಜನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ಅಜ್ಜಾ, ನನ್ನನ್ನೂ ನಾಲ್ಕು ಜನ ಹಿಡ್ಕೋತಾರಲ್ಲ. ನೀನು ಯಾವ ಕಾಲು ಹಿಡ್ಕೋತೀಯ?"

ಟೈಲರ್ ಕೈಯಲ್ಲಿದ್ದ ಟೇಪು ನೆಲಕ್ಕೆ ಬಿತ್ತು. ಆ ಮನುಷ್ಯ ಅತ್ತಿದ್ದನ್ನು ನಾವ್ಯಾರೂ ನೋಡಿರಲಿಲ್ಲ. ಅವತ್ತು ಮೊಮ್ಮಗಳನ್ನು ಎದೆಗೆ ಒತ್ತಿಕೊಂಡು ಅತ್ತರು. ಎಲ್ಲರನ್ನೂ ನಗಿಸಿದ ಅದೇ ಕಥೆ ಈ ಕೂಸಿನ ಬಾಯಿ ಕಟ್ಟಿಹಾಕಿತ್ತು.

ಅರ್ಧ ಗಂಟೆಯಲ್ಲಿ ಗಂಡ ಹೆಂಡತಿ ಇಬ್ಬರೂ ಮಹಡಿ ಹತ್ತಿದರು.

"ನರ್ಸಮ್ಮ, ಮಗೂಗೆ ಹಲ್ಲುನೋವು. ಅವಳಿಗೂ ಇಪ್ಪತ್ತೇಳೇನಾ? ಇನ್ನೂ ಸಣ್ಣದಿಲ್ವಾ?"

"ಮೂವತ್ತು ಹಾಕಬಹುದು."

"ಮೂವತ್ತಾ!" ಟೈಲರ್ ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಈಗ ನರ್ಸಮ್ಮನಿಗೆ ವಿಷಯ ಹೊಳೆಯಿತು. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡರು. "ಮಾವ, ನಮ್ಮ ಸೂಜೀಲಿ ನಂಬರು ಏರಿದಷ್ಟೂ ಸೂಜಿ ತೆಳು. ನಿಮ್ಮ ಮಿಷನ್ನಿನ ಒಂಬತ್ತಕ್ಕಿಂತ ನಮ್ಮ ಇಪ್ಪತ್ತೇಳು ಎಷ್ಟೋ ಸಣ್ಣದು."

ಹೆಂಡತಿ ಹಣೆ ಚಚ್ಚಿಕೊಂಡರು. "ನನ್ನ ಕೈಸೂಜೀನೂ ಹಾಗೇ ಅಲ್ವಾ? ನಂಬರು ಹೆಚ್ಚಾದ್ರೆ ಸೂಜಿ ಸಣ್ಣ! ನಲವತ್ತು ವರ್ಷದಿಂದ ಎದುರಿಗೇ ಕೂತಿದ್ದೀರಿ, ಒಂದು ದಿನ ಈ ಕಡೆ ನೋಡಿದ್ರೆ ತಾನೇ!"

ನರ್ಸಮ್ಮ ಆಮೇಲೆ ಗಂಭೀರವಾದರು. "ನಾಳೇನೇ ಕರ್ಕೊಂಡು ಬನ್ನಿ. ಕೀವು ತುಂಬಿ ಬಾವು ಜಾಸ್ತಿಯಾದ್ರೆ ಅರಿವಳಿಕೆ ಮದ್ದು ಸರಿಯಾಗಿ ಹಿಡಿಯಲ್ಲ. ಮೊದಲು ಬಾವು ಇಳಿಸಬೇಕಾಗುತ್ತೆ. ನೀವೂ ಬನ್ನಿ ಮಾವ, ನಿಮ್ಮ ಕೆನ್ನೇನೂ ಅದನ್ನೇ ಹೇಳ್ತಿದೆ."

"ನಾನೇ ಮೊದಲು ಕೂತ್ಕೋತೀನಿ," ಎಂದರು ಟೈಲರ್. "ಅವಳು ನೋಡ್ಲಿ."

ಹೇಳುವುದೇನೋ ಹೇಳಿದರು. ಇಡೀ ರಾತ್ರಿ ಮಗ್ಗುಲು ಬದಲಿಸಿದರು ಎಂದು ಅವರ ಹೆಂಡತಿ ಆಮೇಲೆ ನನಗೆ ಹೇಳಿದ್ದಾರೆ. ಕುರ್ಚಿಯಲ್ಲಿ ತಾನು ಒಂದು ಸಲ ಬೆಚ್ಚಿಬಿದ್ದರೂ ಚೂಟಿ ಇನ್ನೆಂದೂ ಬಾಯಿ ತೆರೆಯುವುದಿಲ್ಲ ಎನ್ನುವ ಭಯ ಅವರಿಗೆ.

ಮರುದಿನ ಮಗಳು ರಜೆ ಹಾಕಿ ಬಂದಳು. ನಾಲ್ವರೂ ಆಸ್ಪತ್ರೆಗೆ ಹೋದರು. ಡಾಕ್ಟರು ಟೈಲರನ್ನು ಒಂದೊಂದಾಗಿ ಕೇಳಿದರು. ಬಿಪಿ ಇದೆಯಾ? ಸಕ್ಕರೆ ಕಾಯಿಲೆ? ಹೃದಯದ ತೊಂದರೆ? ದಿನಾ ಯಾವ ಮಾತ್ರೆ ತಗೋತೀರಿ? ಹಿಂದೆ ಯಾವುದಾದರೂ ಔಷಧಿ ಮೈಗೆ ಒಗ್ಗದೆ ಹೋಗಿದೆಯಾ?

"ಬಿಪಿ ಮಾತ್ರೆ ಒಂದಿದೆ. ಬೆಳಿಗ್ಗೆ ತಗೊಂಡೆ."

"ತಿಂಡಿ ಆಯ್ತಾ?"

"ಹೆದರಿಕೇಲಿ ಏನೂ ಇಳೀಲಿಲ್ಲ."

"ಹೊಟ್ಟೆ ಖಾಲಿ ಇದ್ರೆ ತಲೆ ಸುತ್ತುತ್ತೆ. ತಿಂದು ಬನ್ನಿ." ನರ್ಸಮ್ಮ ಪಕ್ಕದ ಅಂಗಡಿಯಿಂದ ಬ್ರೆಡ್ಡು ತಂದುಕೊಟ್ಟರು. ಟೈಲರ್ ಶಾಲೆಯ ಹುಡುಗನ ಹಾಗೆ ಮೂಲೆಯಲ್ಲಿ ಕೂತು ತಿಂದರು. ಬಳಿಕ ಬಿಪಿ ನೋಡಿ, ಹಲ್ಲಿನ ಎಕ್ಸ್‌ರೇ ತೆಗೆದರು.

"ಎಂಟು ತಿಂಗಳ ಹಿಂದೆ ಬಂದಿದ್ರೆ ಹಲ್ಲು ಉಳಿಸಬಹುದಿತ್ತೇನೋ. ಈಗ ತೆಗೀಬೇಕು," ಎಂದರು ಡಾಕ್ಟರು. ಟೈಲರ್ ತಲೆ ತಗ್ಗಿಸಿದರು.

ಅವರು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಒಳಗೆ ಒಂಬತ್ತನೇ ನಂಬರ್ ಮಿಷನ್ ಸೂಜಿ. ನರ್ಸಮ್ಮ ಸೀಲು ಒಡೆದು ಹೊಸ ಸೂಜಿಯನ್ನು ದೂರದಿಂದಲೇ ತೋರಿಸಿದರು. ಟೈಲರ್ ಕನ್ನಡಕ ಏರಿಸಿ ಅದನ್ನೊಮ್ಮೆ, ತಮ್ಮದನ್ನೊಮ್ಮೆ ನೋಡಿದರು.

"ಇದರಲ್ಲಿ ಮದ್ದು ಹೋಗೋಕೆ ತೂತು ಬೇರೆ ಇದೆಯಾ? ಅದ್ಯಾವ ಪುಣ್ಯಾತ್ಮ ಮಾಡಿದನಪ್ಪ!" ಅವರ ಭಯದಲ್ಲಿ ಅರ್ಧ ಅಲ್ಲೇ ಇಳಿಯಿತು.

ಡಾಕ್ಟರು ಒಸಡು ಒರೆಸಿ ಮೊದಲು ಒಂದು ಮುಲಾಮು ಹಚ್ಚಿದರು. "ಇದು ಚುಚ್ಚೋ ಜಾಗಾನ ಮಂಕು ಮಾಡುತ್ತೆ. ನಿಮ್ಮದು ಕೆಳಗಿನ ದವಡೆ. ಅದಕ್ಕೇ ಹಿಂದುಗಡೆ, ನರ ದವಡೆ ಒಳಗೆ ಹೋಗೋ ಕಡೆ ಮದ್ದು ಕೊಡ್ತೀನಿ. ಅರ್ಧ ತುಟಿ, ಅರ್ಧ ನಾಲಿಗೆ ಜೋಮು ಹಿಡಿಯುತ್ತೆ. ಮೇಲಿನ ಹಲ್ಲಿಗಾದ್ರೆ ಸಾಮಾನ್ಯವಾಗಿ ಹಲ್ಲಿನ ಪಕ್ಕದಲ್ಲೇ ಕೊಟ್ಟರೆ ಸಾಕು. ನೋವು ಇರಲ್ಲ, ಆದ್ರೆ ಒತ್ತೋದು, ಅಲುಗಾಡಿಸೋದು ಗೊತ್ತಾಗುತ್ತೆ. ಅದಕ್ಕೆ ಗಾಬರಿಯಾಗಬೇಡಿ. ಏನೇ ಆದ್ರೂ ಎಡಗೈ ಎತ್ತಿ. ನಾನು ನಿಲ್ಲಿಸ್ತೀನಿ."

ಸೂಜಿ ಒಳಗೆ ಹೋಯಿತು. ಟೈಲರ್ ಕಣ್ಣು ಮುಚ್ಚಿದ್ದರು. ಡಾಕ್ಟರು ಅವಸರ ಮಾಡದೆ ಮದ್ದನ್ನು ನಿಧಾನವಾಗಿ ಬಿಟ್ಟರು. ಒಂದು ಸಣ್ಣ ಚುರುಕು, ಒಂದಿಷ್ಟು ಒತ್ತಡ, ಮುಗಿಯಿತು. ಕೆಲವು ನಿಮಿಷ ಕಾದು, ತುಟಿ ಮುಟ್ಟಿ ಕೇಳಿ, ಮರಗಟ್ಟಿದ್ದು ಖಾತ್ರಿಯಾದ ಮೇಲೆ ಡಾಕ್ಟರು ಕೆಲಸ ಶುರು ಮಾಡಿದರು.

ಇದ್ದಕ್ಕಿದ್ದಂತೆ ಟೈಲರ್ ಎಡಗೈ ಎತ್ತಿದರು.

ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದ ಚೂಟಿ ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಡಾಕ್ಟರು ತಕ್ಷಣ ನಿಲ್ಲಿಸಿದರು.

"ನೋವಾಯ್ತಾ?"

"ಇಲ್ಲ," ಎಂದರು ಟೈಲರ್ ತೊದಲುತ್ತಾ. "ನಿಲ್ಲಿಸ್ತೀರೋ ಇಲ್ವೋ ಅಂತ ನೋಡಿದೆ. ಚೂಟಿ, ನೋಡಿದ್ಯಾ? ನಿಲ್ಲಿಸಿದ್ರು."

ಡಾಕ್ಟರಿಗೆ ನಗು ಬಂತು. ಕೆಲಸ ಮುಂದುವರಿಸಿದರು. ಸ್ವಲ್ಪ ಹೊತ್ತಿಗೆ ಕೈ ಮತ್ತೆ ಮೇಲೆದ್ದಿತು. ಈ ಸಲ ನಿಜವಾಗಿಯೂ ಸಣ್ಣ ಚಳುಕು. ಡಾಕ್ಟರು ಬೈಯಲಿಲ್ಲ. "ಒಬ್ಬೊಬ್ಬರಿಗೆ ಇನ್ನೊಂಚೂರು ಬೇಕಾಗುತ್ತೆ, ಹೇಳಿದ್ದು ಒಳ್ಳೇದಾಯ್ತು" ಎಂದು ಇನ್ನಷ್ಟು ಮದ್ದು ಕೊಟ್ಟು ಕಾದರು. ಆಮೇಲೆ ಹಲ್ಲು ಹೊರಗೆ ಬಂದದ್ದು ಟೈಲರಿಗೆ ಗೊತ್ತಾದದ್ದು ತಟ್ಟೆಯಲ್ಲಿ ಟಣ್ ಎಂದಾಗಲೇ.

ಈಗ ಚೂಟಿಯ ಸರದಿ. ಬಾವು ಇನ್ನೂ ಹೆಚ್ಚಾಗಿಲ್ಲ, ಇವತ್ತೇ ತೆಗೆಯಬಹುದು ಎಂದರು ಡಾಕ್ಟರು. ಅವಳ ತೂಕ ನೋಡಿ, ಅದಕ್ಕೆ ತಕ್ಕಷ್ಟೇ ಮದ್ದು ಎಂದು ನರ್ಸಮ್ಮ ಹೇಳಿದರು. ಚೂಟಿ ಕುರ್ಚಿ ಏರಿ ಕೋಣೆಯ ಸುತ್ತ ನೋಡಿದಳು.

"ಹಿಡ್ಕೊಳ್ಳೋರು ಎಲ್ಲಿ?"

"ನಮ್ಮಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲ ಪುಟ್ಟಾ," ಎಂದರು ಡಾಕ್ಟರು. "ನಿನ್ನ ಕೈ ನಿನ್ನ ಹತ್ರಾನೇ ಇರ್ಲಿ. ಎತ್ತೋಕೆ ಬೇಕಲ್ಲ?"

ಅವಳಿಗೂ ಮೊದಲು ಮುಲಾಮು, ಆಮೇಲೆ ಸೂಜಿ. ಅವಳು ಕೈಯನ್ನು ಮೂರು ಸಲ ಎತ್ತಿದಳು. ಮೂರು ಸಲವೂ ನಿಲ್ಲಿಸಿದರು. ಮೂರೂ ಪರೀಕ್ಷೆಯೇ ಎಂದು ಅವಳ ಕಣ್ಣಿನ ಕಿಡಿಗೇಡಿತನವೇ ಹೇಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಹಾಲುಹಲ್ಲು ಹತ್ತಿಯ ಮೇಲೆ ಮಲಗಿತ್ತು. ಟೈಲರ್ ಅವಳ ಪಾದದ ಹತ್ತಿರ ನಿಂತಿದ್ದರು. ಕಾಲು ಹಿಡಿದಿರಲಿಲ್ಲ, ಚಪ್ಪಲಿ ಹಿಡಿದಿದ್ದರು.

"ಎರಡು ಮೂರು ಗಂಟೆ, ಕೆಲವರಿಗೆ ಇನ್ನೂ ಸ್ವಲ್ಪ ಹೊತ್ತು ಜೋಮು ಇರುತ್ತೆ," ಎಂದು ನರ್ಸಮ್ಮ ಎಚ್ಚರಿಸಿದರು. "ಅದು ಬಿಡೋವರೆಗೂ ಏನೂ ಅಗೀಬೇಡಿ, ಬಿಸಿ ಕುಡೀಬೇಡಿ. ಮಕ್ಕಳು ತಮಾಷೆ ಅಂತ ತುಟಿ ಕಚ್ಚಿ ಗಾಯ ಮಾಡ್ಕೋತಾರೆ, ನೋಡ್ಕೊಳ್ಳಿ."

ಮನೆಗೆ ಬಂದು ಒಂದು ಗಂಟೆಯೂ ಸುಮ್ಮನಿರಲಾಗದೆ ಟೈಲರ್ ಅಂಗಡಿ ತೆರೆದರು. ಅಭ್ಯಾಸಬಲ, ಮೂರು ಗುಂಡುಸೂಜಿ ತೆಗೆದು ತುಟಿಗಳ ನಡುವೆ ಇಟ್ಟುಕೊಳ್ಳಲು ಹೋದರು. ಮರಗಟ್ಟಿದ ತುಟಿಗೆ ಸೂಜಿ ಇದೆಯೋ ಬಿದ್ದಿದೆಯೋ ಹೇಗೆ ಗೊತ್ತಾಗಬೇಕು?

"ಅಜ್ಜಾ! ಕೈ ಎತ್ತಿದ್ದೀನಿ, ನಿಲ್ಸು!"

ಬಾಗಿಲಲ್ಲಿ ಚೂಟಿ ಎಡಗೈ ಎತ್ತಿ ನಿಂತಿದ್ದಳು. ಟೈಲರ್ ಗುಂಡುಸೂಜಿಗಳನ್ನು ಡಬ್ಬಿಗೆ ಹಾಕಿದರು. ಸಂಜೆಯವರೆಗೆ ಅವರು ಅವಳ ತುಟಿ ಕಾದರು, ಅವಳು ಅವರ ತುಟಿ ಕಾದಳು. ಕತ್ತಲಾಗುವ ಮೊದಲು ಇಬ್ಬರ ತುಟಿಯೂ ವಾಪಸು ಬಂತು.

ಮೊನ್ನೆ ಅವರ ಮನೆಯಲ್ಲಿ ನೆಂಟರು ಸೇರಿದ್ದರು. ನಾನೂ ಇದ್ದೆ. ಯಾರೋ "ಆ ನಾಲ್ಕು ಜನರ ಕಥೆ ಹೇಳಿ ಟೈಲರೇ" ಎಂದರು. ಟೈಲರ್ ಕುರ್ಚಿಯ ಅಂಚಿಗೆ ಜಾರಿದರು, ಬೀಳುವುದಕ್ಕೆ ಸಿದ್ಧರಾದರು. ಅಷ್ಟರಲ್ಲಿ ಅವರ ಕಣ್ಣಿಗೆ ನೆಂಟರ ಪುಟ್ಟ ಮಗಳು ಬಿದ್ದಳು. ಕೇಳಲು ಬಾಯಿ ತೆರೆದು ಕೂತಿದ್ದಳು. ಟೈಲರ್ ಮೆಲ್ಲಗೆ ಹಿಂದಕ್ಕೆ ಸರಿದು ನೆಟ್ಟಗೆ ಕೂತರು.

"ಅದು ಹಳೇದಾಯ್ತು. ಚೂಟಿ, ನೀನು ನಮ್ಮದು ಹೇಳು."

ಚೂಟಿ ಎದ್ದು ನಿಂತು ಎಡಗೈ ಎತ್ತಿದಳು.

ಓದುತ್ತಿರುವ ಅಕ್ಕ, ಅಣ್ಣ, ನೀವೂ ನಿಮ್ಮ ಮನೆಯವರನ್ನು ಒಮ್ಮೆ ನೋಡಿ. ಯಾರಾದರೂ ಒಂದೇ ಕಡೆಯಲ್ಲಿ ಅಗಿಯುತ್ತಿದ್ದಾರಾ? ಗಟ್ಟಿ ತಿನಿಸು ಬೇಡ ಎನ್ನುತ್ತಿದ್ದಾರಾ? ಬಾವು ಬರುವವರೆಗೆ ಕಾಯಬೇಡಿ, ಹತ್ತಿರದ ಹಲ್ಲಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿ. ಹೊರಡುವ ಮೊದಲು ತಿಂಡಿ ತಿನ್ನಿಸಿ. ತೆಗೆದುಕೊಳ್ಳುವ ಮಾತ್ರೆ, ಇರುವ ಕಾಯಿಲೆ, ಗರ್ಭಿಣಿಯಾಗಿದ್ದರೆ ಅದನ್ನೂ ಬಿಡದೆ ಡಾಕ್ಟರಿಗೆ ಹೇಳಿ. ನೋಯದ ಹಾಗೆ ಮಾಡುವ ಮದ್ದು ಅಲ್ಲಿದೆ. ನೋವಾದರೆ ಏನು ಸನ್ನೆ ಮಾಡಬೇಕು ಎಂದು ಮೊದಲೇ ಕೇಳಿಕೊಳ್ಳಿ. ಮತ್ತೆ ನಿಮ್ಮ ಹಳೆಯ ಹಲ್ಲಿನ ಕಥೆಯನ್ನು ನಗುತ್ತಾ ಹೇಳುವ ಮೊದಲು, ಕೇಳುತ್ತಾ ಕೂತ ಮಗು ತನ್ನ ಬಿಸ್ಕತ್ತು ತಿನ್ನುತ್ತಿದೆಯಾ ಎಂದು ಒಮ್ಮೆ ನೋಡಿ.