ಅಮಾವಾಸ್ಯೆ ದಿನ ಹಾಕಿದ ಬ್ಯಾಟರಿ

ಅಮಾವಾಸ್ಯೆ ಬಂದರೆ ನಮ್ಮ ಮೊಳಕಾಲ್ಮೂರಿನಲ್ಲಿ ಮಗ್ಗಕ್ಕೆ ರಜ. ಅವತ್ತು ಯಾರೂ ಲಾಳಿ ಮುಟ್ಟುವುದಿಲ್ಲ. ಹಾಗಾಗಿ ನನ್ನ ತಮ್ಮ ಚೌಡೇಶನಿಗೆ ಲಕ್ವ ಹೊಡೆದ ಮೇಲೆ, ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಒಂದು ಡಬ್ಬಿ ತಂಬಿಟ್ಟು ಕಟ್ಟಿಕೊಂಡು ಚಳ್ಳಕೆರೆ ಬಸ್ಸು ಹತ್ತುವುದು ನನಗೆ ರೂಢಿಯಾಯಿತು. ತಳಕು ದಾಟುವಷ್ಟರಲ್ಲಿ ಬಸ್ಸಿನಲ್ಲಿ ಯಾರಾದರೊಬ್ಬರು ಡಬ್ಬಿಯಲ್ಲಿ ಏನಿದೆ ಎಂದು ಕೇಳಿಯೇ ಕೇಳುತ್ತಿದ್ದರು. ನಮ್ಮ ತಮ್ಮನಿಗೆ ಔಷಧಿ ಎಂದು ಹೇಳಿ ಡಬ್ಬಿಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದೆ.

ಚೌಡೇಶ ಮಗ್ಗದ ಮನೆಯಲ್ಲಿ ಹುಟ್ಟಿದವನೇ. ಆದರೆ ಮೀಸೆ ಬರುವ ಮೊದಲೇ ರೇಷ್ಮೆ ಬಿಟ್ಟು ಕಬ್ಬಿಣದ ಹಿಂದೆ ಹೋದ. ಚಳ್ಳಕೆರೆಯ ತುಂಬ ಕಡಲೆಕಾಯಿ ಎಣ್ಣೆ ಮಿಲ್ಲುಗಳು. ಅವುಗಳ ಯಂತ್ರ ಸವೆದಾಗ ಹೊಸ ಶಾಫ್ಟು, ಹೊಸ ಬುಶ್ಶು ಕಡೆದು ಕೊಡುವ ಕೆಲಸ ಕಲಿತು, ಪಾವಗಡ ರಸ್ತೆಯಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದ. ಆಮೇಲೆ ಬೆಂಗಳೂರಿನಲ್ಲಿ ಬಾಗಿಲು ಹಾಕಿದ ಯಾವುದೋ ಕಾರ್ಖಾನೆಯಿಂದ ಒಂದು ಸಿಎನ್‌ಸಿ ಮಿಷಿನ್ನು ತಂದ. ಹಳೆಯದೇ, ಆದರೆ ನಮ್ಮ ಕಡೆಗೆ ಅದೇ ಹೊಸದು. ಊರವರು ಅದನ್ನು ಕಂಪ್ಯೂಟರ್ ಲೇತು ಎನ್ನುತ್ತಿದ್ದರು. ಅಳತೆಯನ್ನು ಒಂದು ಸಲ ಅದರ ತಲೆಗೆ ತುಂಬಿದರೆ ಸಾಕು, ಎಷ್ಟು ದಿನ ಬಿಟ್ಟು ಕೇಳಿದರೂ ಅದೇ ಅಳತೆಗೆ ಕಡೆದು ಕೊಡುತ್ತದೆ.

ಆ ಅಳತೆಗಳನ್ನು ತುಂಬಿದವನು ಚೌಡೇಶ. ಒಂದೊಂದು ಮಿಲ್ಲಿನ ಯಂತ್ರ ಒಂದೊಂದು ಥರ ಸವೆದಿರುತ್ತದೆ. ಪರಶುರಾಂಪುರದ ಓಬಯ್ಯನ ಮಿಲ್ಲಿಗೆ ಕೂದಲೆಳೆಯಷ್ಟು ದಪ್ಪ ಬೇಕು, ತಳಕಿನವರದ್ದಕ್ಕೆ ಅಷ್ಟು ಬೇಡ. ಅವನು ಮಿಲ್ಲಿಂದ ಮಿಲ್ಲಿಗೆ ಸೈಕಲ್ಲಿನಲ್ಲಿ ಹೋಗಿ, ಎಣ್ಣೆ ಜಿಡ್ಡಿನೊಳಗೆ ಕೈ ಇಟ್ಟು ಅಳೆದು, ಬಂದು ಮಿಷಿನ್ನಿಗೆ ಹೇಳಿಕೊಡುತ್ತಿದ್ದ. ವರ್ಷಗಟ್ಟಲೆ ಇದನ್ನೇ ಮಾಡಿದ. ಕಾಗದದ ಮೇಲೆ ಬರೆದಿಡುವ ಅಭ್ಯಾಸ ಅವನಿಗಿರಲಿಲ್ಲ. ನಮ್ಮಪ್ಪನೂ ಸೀರೆಯ ಅಂಚನ್ನು ಬರೆದಿಟ್ಟವನಲ್ಲ.

ಲಕ್ವ ಬಂದು ಹೋದಾಗ ಅವನ ಬಲಗೈಯನ್ನೂ ಅರ್ಧ ಮಾತನ್ನೂ ತೆಗೆದುಕೊಂಡು ಹೋಯಿತು. ಅಂಕಿಗಳನ್ನಂತೂ ಪೂರ್ತಿ ಬಳಿದುಕೊಂಡು ಹೋಯಿತು. ಓಬಯ್ಯನ ಮುಖ ಗುರುತು ಹಿಡಿಯುತ್ತಾನೆ, ಅವನ ಶಾಫ್ಟಿನ ಅಳತೆ ಕೇಳಿದರೆ ತೊಲೆ ನೋಡುತ್ತಾನೆ. ಮಗಳು ಪುಷ್ಪಾಳನ್ನು ಹತ್ತು ಸಲಕ್ಕೆ ನಾಲ್ಕು ಸಲ ನನ್ನ ಹೆಸರು ಹಿಡಿದು ಗೋವಿಂದಮ್ಮ ಎಂದು ಕರೆಯುತ್ತಾನೆ. ಅವಳು ಐಟಿಐ ಓದಿದ ಹುಡುಗಿ. ಅಪ್ಪನ ಜಾಗದಲ್ಲಿ ಮಿಷಿನ್ನಿಗೆ ನಿಂತಳು. ಯಾವ ಹೆಸರಿನಲ್ಲಿ ಕರೆದರೂ ಓ ಎನ್ನುತ್ತಿದ್ದಳು.

ಅವನಿಗಿದ್ದ ಒಂದೇ ಸಮಾಧಾನ ಆ ಮಿಷಿನ್ನು. ಯಾವುದಾದರೂ ಮಿಲ್ಲಿನ ಕೆಲಸ ಬಂದರೆ ಪುಷ್ಪಾ ಬಟನ್ ಒತ್ತುತ್ತಿದ್ದಳು, ಅವನು ತುಂಬಿದ್ದ ಅಂಕಿಗಳು ಹಸಿರು ಬಣ್ಣದಲ್ಲಿ ಸಾಲಾಗಿ ಮೇಲೇಳುತ್ತಿದ್ದವು. ಅವನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ನನ್ನ ಕಡೆ ತಿರುಗಿ, ನಂದೇ ಅಕ್ಕ, ಎನ್ನುತ್ತಿದ್ದ. ಆ ಎರಡು ಮಾತು ಮಾತ್ರ ತಡವರಿಸದೆ ಬರುತ್ತಿದ್ದವು.

ಆ ಸಲದ ಅಮಾವಾಸ್ಯೆಗೆ ನಾನು ಹೋದಾಗ ಅಪ್ಪ ಮಗಳು ಮಾತು ಬಿಟ್ಟಿದ್ದರು. ವರ್ಕ್‌ಶಾಪಿನ ಬಾಗಿಲಿಗೆ ನಿಂಬೆಹಣ್ಣು ಕಟ್ಟಿತ್ತು, ಮಿಷಿನ್ನಿಗೆ ವಿಭೂತಿ ಬಳಿದು ಹೂ ಇಟ್ಟಿತ್ತು. ಅದರ ಟಿವಿಯಂಥ ಮುಖ ಕಪ್ಪಗಿತ್ತು. ಚೌಡೇಶ ಮೈನ್ ಸ್ವಿಚ್ಚಿನ ಕೆಳಗೇ ಸ್ಟೂಲು ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಪುಷ್ಪಾ ಹೊಸ್ತಿಲ ಮೇಲೆ ಕೂತು ಕೈಯಲ್ಲಿ ಏನನ್ನೋ ತಿರುಗಿಸುತ್ತಿದ್ದಳು. ನೋಡಿದರೆ ಒಂದು ಬ್ಯಾಟರಿ. ಟಾರ್ಚಿನ ಸೆಲ್ಲಿನಂತೆ ಇದ್ದರೂ ಅದಕ್ಕೆ ಎರಡು ಸಣ್ಣ ವೈರು, ತುದಿಯಲ್ಲಿ ಪುಟ್ಟ ಪ್ಲಗ್ಗು.

ಏನಾಯಿತು ಎಂದು ಕೇಳಿದೆ. ಪುಷ್ಪಾ ಅಪ್ಪನಿಗೆ ಕೇಳಲಿ ಎಂದೇ ದೊಡ್ಡದಾಗಿ ಹೇಳಿದಳು. ಕರೆಂಟು ಇಲ್ಲದಾಗ ಮಿಷಿನ್ನಿನ ನೆನಪನ್ನು ಹಿಡಿದಿಡುವುದು ಅದರೊಳಗಿನ ಒಂದು ಬ್ಯಾಟರಿ. ಅದು ಸೊರಗಿದೆ ಎಂದು ಮಿಷಿನ್ನೇ ಸ್ವಲ್ಪ ದಿನದಿಂದ ಮೂಲೆಯಲ್ಲಿ ಅಕ್ಷರ ಮಿನುಗಿಸಿ ಹೇಳುತ್ತಿತ್ತು. ಚಿತ್ರದುರ್ಗದಲ್ಲೂ ಸಿಗದೆ ಬೆಂಗಳೂರಿಗೆ ಹೇಳಿ ಕಳಿಸಬೇಕಾಯಿತು. ಬ್ಯಾಟರಿ ಬರುವ ತನಕ ಮೈನ್ ಆರಿಸದೆ, ಯಾವುದಕ್ಕೂ ಇರಲಿ ಎಂದು ಅವಳು ಅಂಕಿಗಳನ್ನು ನೋಡಿ ಬರೆದುಕೊಳ್ಳಲು ಕೂತಿದ್ದಳು. ಕೆಲಸದ ನಡುವೆ ಒಂದೆರಡು ಮಿಲ್ಲಿನವು ಮಾತ್ರ ಆಗಿದ್ದವು. ನಿನ್ನೆ ಸಂಜೆ ಅವಳು ಪಾರ್ಸೆಲ್ ಬಂತಾ ನೋಡಲು ಬಸ್ ಸ್ಟ್ಯಾಂಡಿಗೆ ಹೋದಾಗ, ಇಲ್ಲಿ ಇವನು ಪ್ರತಿ ಅಮಾವಾಸ್ಯೆಯಂತೆ ಮೈನ್ ಕೆಳಗೆಳೆದು ಮಿಷಿನ್ನನ್ನು ಮಲಗಿಸಿಬಿಟ್ಟಿದ್ದ. ಪಾರ್ಸೆಲ್ ಬಂದದ್ದು ಇವತ್ತು ಬೆಳಗಿನ ಬಸ್ಸಿಗೆ.

ಹಾಗಾದರೆ ಹಾಕಿಬಿಡು, ಅದಕ್ಕೇನು ಎಂದೆ.

ಅದೇ ತೊಂದರೆ ಎಂದಳು. ಬೇರೆ ಮಿಷಿನ್ನಾದರೆ ಆಫ್ ಮಾಡಿ ಮುಟ್ಟಬೇಕು. ಇದರ ಬ್ಯಾಟರಿಯನ್ನು ಮಾತ್ರ ಕರೆಂಟು ಹರಿಯುತ್ತಿರುವಾಗಲೇ ಬದಲಾಯಿಸಬೇಕು. ಆಫ್ ಇದ್ದಾಗ ಕಿತ್ತರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಬೆಂಗಳೂರಿನ ಇಂಜಿನಿಯರ್ ಹನುಮಂತರಾಜು ಎಂಬುವವರು ಫೋನಿನಲ್ಲಿ ಎರಡೆರಡು ಸಲ ಹೇಳಿದ್ದರಂತೆ. ಅಳಿಸಿಹೋದರೆ ಮಿಷಿನ್ನಿಗೆ ಬೇಕಾದ್ದನ್ನು ತಾವು ಬಂದು ತುಂಬಬಹುದು, ನಿಮ್ಮ ತಂದೆ ತುಂಬಿದ್ದನ್ನು ಮಾತ್ರ ಯಾರೂ ತರಲಾರರು ಎಂದಿದ್ದರಂತೆ.

"ಅದೀಗ ನಿನ್ನೆಯಿಂದ ಆ ಸೊರಗಿದ ಬ್ಯಾಟರಿ ಮೇಲೇ ಉಸಿರು ಹಿಡ್ಕಂಡೈತೆ ಅತ್ತೆ," ಎಂದಳು ಪುಷ್ಪಾ. "ನಾಳೆ ಬೆಳಿಗ್ಗೆವರೆಗೂ ಹಿಡ್ಕಂತೈತೋ ಇಲ್ಲೋ, ನಂಗೊತ್ತಿಲ್ಲ. ಇವ್ರು ನೋಡಿದ್ರೆ ಸ್ವಿಚ್ಚಿನ ಕೆಳಗೆ ದ್ವಾರಪಾಲಕರ ಥರ ಕುಂತವ್ರೆ."

ಚೌಡೇಶ ತಲೆಯೆತ್ತದೆ ಎಡಗೈ ಆಡಿಸಿದ. "ಅಮಾಸೆ," ಎಂದ. ಮತ್ತೆ ಮಿಷಿನ್ನು ತೋರಿಸಿ, "ಮಲಗ್ಲಿ. ನಾಳೆ."

"ನಾಳೆ ಏಳದೇ ಇದ್ರೆ ನಾಯ್ನ?" ಎಂದಳು ಪುಷ್ಪಾ. ಅಪ್ಪನನ್ನು ಅವಳು ಕರೆಯುವುದು ಹಾಗೆ, ನಮ್ಮ ತೆಲುಗಿನಲ್ಲಿ.

ಅಮಾವಾಸ್ಯೆ ದಿನ ಮಿಷಿನ್ನು ಓಡಿಸಿದರೆ ಕೇಡು ಎಂಬುದು ಅವನಲ್ಲಿ ಗಟ್ಟಿ. ಕಾಯಿಲೆ ಬೀಳುವ ಹಿಂದಿನ ವಾರ ಯಾವುದೋ ಅರ್ಜೆಂಟ್ ಕೆಲಸಕ್ಕೆಂದು ಒಂದು ಅಮಾವಾಸ್ಯೆ ಮಿಷಿನ್ನು ಓಡಿಸಿದ್ದನಂತೆ, ಅದೇ ತನ್ನ ಕೈ ಕಿತ್ತುಕೊಂಡಿತು ಎಂದು ನಂಬಿದ್ದ. ಅವನನ್ನು ರೇಗಿಸಬೇಡಿ, ಬಿಪಿ ಏರಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಪುಷ್ಪಾ ಮನಸ್ಸು ಮಾಡಿದ್ದರೆ ಅವನ ತಲೆಯ ಮೇಲಿಂದ ಕೈ ಚಾಚಿ ಸ್ವಿಚ್ಚು ಹಾಕಬಹುದಿತ್ತು. ಅವನು ಏಳಲಿಕ್ಕೇ ಎಷ್ಟು ಹೊತ್ತು ಬೇಕು. ಆದರೆ ಅವಳು ಹಾಗೆ ಮಾಡುವ ಹುಡುಗಿಯಲ್ಲ. ಬೆಳಗಿನಿಂದ ಹೊಸ್ತಿಲ ಮೇಲೆ ಕೂತು ಬ್ಯಾಟರಿ ತಿರುಗಿಸುತ್ತಿದ್ದಳು, ಅಷ್ಟೇ.

ನಾನು ತಂಬಿಟ್ಟಿನ ಡಬ್ಬಿ ತೆಗೆದೆ. ಅವನ ಪಕ್ಕದಲ್ಲಿ ಒಂದು ಗೋಣಿಚೀಲ ಹಾಕಿಕೊಂಡು ಕೂತು, ಎಡಗೈಗೆ ಒಂದು ಉಂಡೆ ಕೊಟ್ಟೆ. ಕೋಪದಲ್ಲಿದ್ದರೂ ತಿಂದ. ಅದು ಅವನ ಹುಟ್ಟುಗುಣ. ಎರಡನೆಯದಕ್ಕೂ ಕೈ ಒಡ್ಡಿದ.

ಅಕ್ಕ ತಮ್ಮ ಇಬ್ಬರೇ ಆದಾಗ ನಾವು ತೆಲುಗಿನಲ್ಲೇ ಮಾತಾಡುತ್ತೇವೆ. ಅವತ್ತು ಪುಷ್ಪಾ ಎದುರಿಗಿದ್ದರೂ ಬಾಯಿಗೆ ಅದೇ ಬಂತು. ಮನೆಯಲ್ಲಿ ಅಮಾವಾಸ್ಯೆ ದಿನ ಅಮ್ಮ ಏನು ಮಾಡುತ್ತಿದ್ದಳು, ನೆನಪಿದೆಯಾ ರಾ ಎಂದು ಕೇಳಿದೆ. ಅವನು ತಲೆ ಅಲ್ಲಾಡಿಸಿದ. ಹೂ ಎಂದನೋ ಊಹೂಂ ಎಂದನೋ ತಿಳಿಯಲಿಲ್ಲ. ನಾನೇ ಹೇಳುತ್ತಾ ಹೋದೆ.

ಅಪ್ಪ ಅವತ್ತು ಮಗ್ಗದ ಗುಂಡಿಗೆ ಇಳಿಯುತ್ತಿರಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಪೇಟೆಗೆ ಹೋಗುತ್ತಿದ್ದ. ಸೀರೆಗಳು ಮುಗಿದು, ಮಗ್ಗದಲ್ಲಿ ಉದ್ದ ಎಳೆಗಳ ಹಾಸಿನ ತುದಿ ಮಾತ್ರ ಉಳಿದಿರುತ್ತಿತ್ತು. ಆ ತುದಿಯನ್ನು ಯಾರೂ ಎಳೆದು ಬಿಸಾಡುವುದಿಲ್ಲ. ಬಿಸಾಡಿದರೆ ಯಾವ ಎಳೆ ಯಾವ ಸಂದಿಯಲ್ಲಿ ಹೋಗಬೇಕು ಎಂಬುದನ್ನು ಮಗ್ಗವೇ ಮರೆತುಬಿಡುತ್ತದೆ, ಮೊದಲಿಂದ ಪೋಣಿಸಬೇಕು. ಅದಕ್ಕೇ ಹಳೆಯ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ, ಬೆರಳಲ್ಲಿ ಹೊಸೆದು ಕೂಡಿಸುವುದು. ಸಾವಿರಾರು ಎಳೆ. ಮಗ್ಗ ಖಾಲಿ ಇರುವ ದಿನವೇ ಆ ಕೆಲಸಕ್ಕೆ ಸರಿ ಎಂದು ಅಮ್ಮ ನಮ್ಮಿಬ್ಬರನ್ನೂ ಆಚೀಚೆ ಕೂರಿಸಿಕೊಂಡು, ಒಲೆಯ ಬೂದಿಗೆ ಬೆರಳು ಅದ್ದಿ ಅದ್ದಿ ಹೊಸೆಯುತ್ತಿದ್ದಳು. ಬೂದಿ ಇಲ್ಲದಿದ್ದರೆ ರೇಷ್ಮೆ ಜಾರುತ್ತದೆ.

ಹೇಳುತ್ತಾ ನಾನು ಅವನ ಮುಖ ನೋಡುತ್ತಿದ್ದೆ. ಮುಖದಲ್ಲಿ ಏನೂ ಇರಲಿಲ್ಲ. ಪುಷ್ಪಾ ಸನ್ನೆ ಮಾಡಿದಳು, ಅವನ ಕೈ ನೋಡು ಎಂದು. ತೊಡೆಯ ಮೇಲಿದ್ದ ಎಡಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉಜ್ಜುತ್ತಿತ್ತು. ಒಮ್ಮೆ ಮುಂದಕ್ಕೆ, ಬಿಡು, ಮತ್ತೊಮ್ಮೆ ಮುಂದಕ್ಕೆ. ಇಲ್ಲದ ಎಳೆಗಳನ್ನು ಹೊಸೆಯುತ್ತಿತ್ತು.

"ಅಮಾಸೆ ದಿನ ಅಮ್ಮ ಸೀರೆ ನೇಯ್ದಳಾ?" ಎಂದೆ.

"ಇಲ್ಲ."

"ಹೊಸೆಯೋದು ಬಿಟ್ಟಳಾ?"

ರಸ್ತೆಯಲ್ಲಿ ಕಡಲೆಕಾಯಿ ಚೀಲ ಹೇರಿದ ಟ್ರ್ಯಾಕ್ಟರು ಹೋಯಿತು, ಅದರ ಸದ್ದು ಪೂರ್ತಿ ಮುಗಿಯಿತು.

"ಹೊಸೆಯೋದು... ನೇಯೋದಲ್ಲ," ಎಂದ ಚೌಡೇಶ.

"ಅಲ್ಲ ತಾನೆ?"

ಅವನು ಗೋಡೆ ಹಿಡಿದು ಎದ್ದ. ನಾವಿಬ್ಬರೂ ಹಿಡಿಯಲು ಹೋದರೆ ಮೊಣಕೈಯಲ್ಲಿ ಸರಿಸಿದ. ಮೈನ್ ಸ್ವಿಚ್ಚಿಗೆ ಎಡಗೈ ಹಾಕಿ ಮೇಲಕ್ಕೆ ತಳ್ಳಿದ. ಆಮೇಲೆ ಪುಷ್ಪಾ ಹೋಗಿ ಮಿಷಿನ್ನಿನ ಬಟನ್ ಒತ್ತಿದಳು. ಒಳಗೆ ಫ್ಯಾನು ತಿರುಗಿತು. ಕಪ್ಪು ಮುಖ ಕಪ್ಪಾಗೇ ಇತ್ತು. ನಾನು ಸೆರಗು ಹಿಡಿದುಕೊಂಡೆ. ಆ ಹೊತ್ತಿನಲ್ಲಿ ಅವನು ಮಿಷಿನ್ನು ನೋಡಲಿಲ್ಲ, ಮಗಳ ಮುಖವನ್ನೇ ನೋಡುತ್ತಿದ್ದ. ಅದು ಮರೆತಿದ್ದರೆ ಅವಳ ಮುಖದಲ್ಲೇ ಮೊದಲು ಗೊತ್ತಾಗುತ್ತದೆ ಎಂದಿರಬೇಕು.

ಹಸಿರು ಬೆಳಕು ಬಂತು. ಮೂಲೆಯಲ್ಲಿ ಆ ಅಕ್ಷರಗಳು ಮಿನುಗುತ್ತಿದ್ದವು. ಪುಷ್ಪಾ ಒಂದು ಕೀಲಿ ಒತ್ತಿದಳು, ಇನ್ನೊಂದು ಒತ್ತಿದಳು. ಅಂಕಿಗಳ ಸಾಲು ಎದ್ದಿತು.

"ಓಬಯ್ಯಂದು ಐತೆ," ಎಂದಳು. "ತಳಕಿಂದು ಐತೆ. ಎಲ್ಲಾ ಅವೆ ನಾಯ್ನ."

ಅವನು ಸ್ಟೂಲಿನ ಮೇಲೆ ಧೊಪ್ಪೆಂದು ಕೂತ.

ಆದರೆ ಕೆಲಸ ಇನ್ನೂ ಮುಗಿದಿರಲಿಲ್ಲ. ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ ಪುಷ್ಪಾ ಹಳೆಯ ಬ್ಯಾಟರಿ ತೋರಿಸಿದಳು. ಚೌಡೇಶ ಸ್ಟೂಲು ಎಳೆಸಿಕೊಂಡು ಹತ್ತಿರ ಬಂದ. ಹೊಸದನ್ನು ನಾನೇ ಸಿಕ್ಕಿಸುತ್ತೇನೆ ಎಂಬಂತೆ ಕೈ ಚಾಚಿದ. ಅದಕ್ಕೂ ಮೊದಲು ಪೂಜೆಯ ತಟ್ಟೆಗೆ ಬಗ್ಗಿ, ಬೆರಳುಗಳನ್ನು ವಿಭೂತಿಯಲ್ಲಿ ಅದ್ದಿದ.

"ಅಯ್ಯೋ ನಾಯ್ನ, ಒಳಗೆ ಬೂದಿ ಬಿದ್ರೆ ಇಂಜಿನಿಯರ್ರು ನನ್ನ ಬೂದಿ ಮಾಡ್ತಾರೆ," ಎಂದಳು ಪುಷ್ಪಾ. ಅವನು ಬೆರಳು ನೋಡಿಕೊಂಡ. ಎಲ್ಲಿ ಒರೆಸುವುದೆಂದು ಯೋಚಿಸಿ, ಮಗಳ ಹಣೆಗೆ ಅಡ್ಡಡ್ಡ ಬಳಿದುಬಿಟ್ಟ. ಬೆಳಗಿನಿಂದ ಬಿಗಿದುಕೊಂಡಿದ್ದ ಹುಡುಗಿ ಆಗ ನಕ್ಕಳು.

ಹಳೆಯ ಪ್ಲಗ್ಗಿಗೆ ಅವಳು ಕೈ ಹಾಕಿದಾಗ ಅವನು ಅವಳ ಮಣಿಕಟ್ಟು ಹಿಡಿದ. ಮೊದಲು ಹೊಸದನ್ನು ಸೇರಿಸಿ ಆಮೇಲೆ ಹಳೆಯದನ್ನು ಬಿಡಿಸಬೇಕು ಎಂಬುದು ಅವನ ಹಟ. ಅದನ್ನು ಹೇಳಲು ಮಾತು ಸಾಲದೆ ಬೆರಳಲ್ಲಿ ಹೊಸೆದು ತೋರಿಸಿದ. ಪ್ಲಗ್ಗು ಹಾಕಲು ಇರುವುದು ಒಂದೇ ಜಾಗ ಎಂದು ಪುಷ್ಪಾ ವಿವರಿಸಿದಳು. ಅವನು ಕೈ ಬಿಡಲಿಲ್ಲ.

"ಕರೆಂಟೇ ಹಳೇ ಎಳೆ ಅನ್ಕಳ್ಳಿ ನಾಯ್ನ," ಎಂದಳು. "ಅದು ಬಿಟ್ಟಿಲ್ಲ. ಅದು ಹಿಡ್ಕಂಡಿರುವಾಗ ನಾವು ಹೊಸದು ಸೇರಿಸ್ತಿದೀವಿ."

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. ಮಣಿಕಟ್ಟು ಬಿಟ್ಟ.

ಅವಳು ಹಳೆಯದನ್ನು ಕಿತ್ತಳು. ಅದೇ ಗಳಿಗೆಯಲ್ಲಿ ಮೇಲಿನ ಟ್ಯೂಬ್‌ಲೈಟು ಕಂದಿತು, ಮಿಷಿನ್ನಿನೊಳಗಿನ ಫ್ಯಾನಿನ ಸದ್ದು ಕೆಳಗಿಳಿಯಿತು. ನಮ್ಮ ಚಳ್ಳಕೆರೆ ಕರೆಂಟಿನ ಸ್ವಭಾವವೇ ಹಾಗೆ. ಚೌಡೇಶನ ಎಡಗೈ ಹೊಸ ಪ್ಲಗ್ಗನ್ನು ಹಿಡಿದು ಒಳಗೆ ಹೋಯಿತು. ಸಂದಿ ಸಿಗಲಿಲ್ಲ. ಪುಷ್ಪಾ ಸಹಾಯಕ್ಕೆ ಕೈ ತಂದು, ಹಾಗೇ ತಡೆದುಕೊಂಡಳು. ಅವನು ಕಣ್ಣು ಮುಚ್ಚಿ ಬೆರಳಲ್ಲೇ ತಡಕಿದ. ಟಿಕ್ ಎಂದಿತು. ಟ್ಯೂಬ್‌ಲೈಟು ಮಿಣುಕಿ ಮಿಣುಕಿ ಮತ್ತೆ ನೆಟ್ಟಗೆ ಉರಿಯಿತು, ಫ್ಯಾನು ಸದ್ದು ಏರಿಸಿತು. ಪುಷ್ಪಾ ಏನೋ ಒತ್ತಿದಳು. ಮಿನುಗುತ್ತಿದ್ದ ಅಕ್ಷರಗಳು ಹೋದವು.

ಇನ್ನು ಆಯಿತಲ್ಲ ಎಂದು ನಾನು ಉಳಿದ ತಂಬಿಟ್ಟು ಹಂಚಿದೆ. ಅವನು ತಿನ್ನುವುದನ್ನು ಅರ್ಧಕ್ಕೆ ಬಿಟ್ಟು, ಸ್ವಿಚ್ಚಿನ ಹತ್ತಿರ ಹೋಗಿ ಮೈನ್ ಕೆಳಗೆಳೆದ. ಪುಷ್ಪಾ ಬೆಚ್ಚಿಬಿದ್ದಳು. ಅವನು ನಿಧಾನವಾಗಿ ಅರ್ಧ ಉಂಡೆ ತಿಂದು ಮುಗಿಸಿದ, ಕೈ ಒರೆಸಿದ, ಮತ್ತೆ ಮೇಲೆ ತಳ್ಳಿದ. ಹಸಿರು ಅಂಕಿಗಳು ಇದ್ದಲ್ಲೇ ಇದ್ದವು. ಓಬಯ್ಯನ ಮಿಲ್ಲು, ತಳಕಿನ ಮಿಲ್ಲು, ಎಲ್ಲ.

"ನಂದೇ ಅಕ್ಕ," ಎಂದ.

ಆಮೇಲೆ ಮತ್ತೆ ಕೆಳಗೆಳೆದು, ಇನ್ನು ಮಲಗಲಿ ಎಂಬಂತೆ ಮಿಷಿನ್ನಿನ ಪಕ್ಕೆ ತಟ್ಟಿದ.

ಬ್ಯಾಟರಿಯನ್ನು ಅಕ್ಷರ ಮಿನುಗುವ ತನಕ ಕಾಯಬಾರದು, ವರ್ಷಕ್ಕೊಂದು ಸಲ ಬದಲಾಯಿಸಬೇಕು ಎಂದು ಹನುಮಂತರಾಜು ಹೇಳಿದ್ದರಂತೆ. ಮುಂದಿನ ವರ್ಷ ಪುಷ್ಪಾ ಒಂದು ಸೋಮವಾರ ಹೊಸದನ್ನು ಹಾಕಲು ಹೊರಟರೆ ಚೌಡೇಶ ಬಿಡಲಿಲ್ಲ. ಅಮಾಸೆ ಬರಲಿ ಎಂದ. ಬೇರೆ ದಿನ ಮಿಷಿನ್ನಿಗೆ ಕೆಲಸ ಇರುತ್ತದೆ, ಅಮಾವಾಸ್ಯೆಗೆ ಖಾಲಿ, ಇಂಥ ಕೆಲಸ ಅವತ್ತೇ ಮಾಡಬೇಕು, ಇದು ಎಲ್ಲರಿಗೂ ಗೊತ್ತಿರುವ ವಿಷಯ ಎಂಬ ಧಾಟಿ. ಯಾರು ಹೇಳಿಕೊಟ್ಟದ್ದು ಎಂದು ಪುಷ್ಪಾ ಕೀಟಲೆ ಮಾಡಿದರೆ, ನಮ್ಮಮ್ಮ ಎಂದನಂತೆ.

ಈಗ ಬ್ಯಾಟರಿ ಬದಲಾಯಿಸುವ ಅಮಾವಾಸ್ಯೆ ದಿನ ಮಾತ್ರ ಬೆಳಿಗ್ಗೆ ಮೈನ್ ಮೇಲಿರುತ್ತದೆ. ನಾನು ಬಸ್ಸು ಇಳಿದು ಹೋಗುವ ತನಕ ಹಳೆಯದನ್ನು ಕೀಳಲು ಬಿಡುವುದಿಲ್ಲವಂತೆ. ಹೋದ ಸಲ ತಳಕಿನ ಹತ್ತಿರ ಬಸ್ಸು ಪಂಕ್ಚರ್ ಆಗಿ ನಾನು ತಡವಾಗಿ ಮುಟ್ಟಿದೆ. ಹಣೆಗೆ ವಿಭೂತಿ ಬಳಿಸಿಕೊಂಡ ಪುಷ್ಪಾ ಬಾಗಿಲಲ್ಲೇ ನಿಂತಿದ್ದಳು. ಬಾ ಅತ್ತೆ, ಬೇಗ ಬಾ, ತಂಬಿಟ್ಟು ಇಲ್ಲದೆ ಬ್ಯಾಟರಿ ಹಾಕೋ ಹಾಗಿಲ್ಲವಂತೆ, ಅದೂ ಈಗ ಶಾಸ್ತ್ರಕ್ಕೆ ಸೇರೈತೆ, ಎಂದಳು.